ರುಖವತದ ನವಿಲು

ನೀವು ಯಾರದಾದರೂ ನವಿಲು ಕದ್ದಿದ್ದೀರಾ? ಅಷ್ಟು ಬೇಗ ತಲೆ ಅಲ್ಲಾಡಿಸಬೇಡಿ. ನಾನು ಕದ್ದಿದ್ದೇನೆ, ಅದೂ ನಮ್ಮತ್ತೆಯದು.

ಮದುವೆಯಲ್ಲಿ ಬೀಗರ ಮುಂದೆ ತಿಂಡಿಗಳನ್ನು ಸಿಂಗರಿಸಿ ಇಡುತ್ತೇವಲ್ಲ, ಆ ರುಖವತಕ್ಕೆ ಅತ್ತೆ ಒಂದು ನವಿಲು ಮಾಡುತ್ತಿದ್ದರು. ಹಿತ್ತಾಳೆ ತಾಟಿನ ತುಂಬ ಕೊಬ್ಬರಿ ತುರಿ, ಅದರ ಮೇಲೆ ಬಾದಾಮಿಯ ಗರಿ, ಗರಿಗೊಂದು ಲವಂಗದ ಕಣ್ಣು. ಮಾಡುವಾಗ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮುಗಿದ ಮೇಲೆ ಬಟ್ಟೆ ಮುಚ್ಚಿ, ನನ್ನನ್ನು ಮನೆ ಕಾಯಲು ಬಿಟ್ಟು, ತಾವೇ ಒಯ್ಯುತ್ತಿದ್ದರು. ನನಗೆ ಕಲಿಸಲಿಲ್ಲ. ಬಾಗಿಲ ಸಂದಿಯಿಂದ ನೋಡಿ ಕಲಿತೆ. ಕೊಕ್ಕಿನ ಹತ್ತಿರ ಮಾತ್ರ ಅವರ ಕೈ ಅಡ್ಡ ಬರುತ್ತಿತ್ತು. ಅವರು ತೀರಿಕೊಂಡ ಮೇಲೆ, ಕೊಕ್ಕಿನ ಮುಂದೆ ಬರೀ ಕೊಬ್ಬರಿ ಬಿಟ್ಟು, ನಾನೇ ನವಿಲು ಮಾಡತೊಡಗಿದೆ. ಅವರದನ್ನು ಕಂಡ ಹಳಬರು ಒಬ್ಬೊಬ್ಬರಾಗಿ ಹೋದರು. ನವಲಗುಂದದಲ್ಲಿ ಈಗ ಅದು ನನ್ನ ನವಿಲು.

ಮೊನ್ನೆ ವಕೀಲಿ ಓದುವ ಮೊಮ್ಮಗಳು ಅದರ ಫೋಟೋ ತೆಗೆದಳು.

"ಆಯಿ, ಇದಕ್ಕ ಕಾಪಿರೈಟ್ ಅರ್ಜಿ ಹಾಕೂಣು. ಅಡಗಿ ಮಾಡೂ ರೀತಿಗೆ ಸಿಗೂದಿಲ್ಲ. ಆದ್ರ ತಾಟನ್ಯಾಗ ಹಿಂಗ ಜೋಡಿಸಿದ್ದು ಚಿತ್ರ ಇದ್ದಂಗ, ಸಿಕ್ಕರೂ ಸಿಗತೈತಿ. ಖರೇ ಹೇಳು, ಯಾರದೂ ನೋಡಿ ಮಾಡಿಲ್ಲ ಹೌದಲ್ಲ?"

"ಯಾರದ್ ನೋಡಿ ಮಾಡ್ಲೇ? ನನ್ನ ತಲ್ಯಾಗೇನು ಹೊಟ್ಟು ತುಂಬೈತೇನ?"

'ಇದು ನನ್ನ ಸ್ವಂತದ್ದು' ಎಂದು, ಹೊಸದಾಗಿ ಕಲಿತ ಫೋನಿನಲ್ಲಿ ಒಂದೇ ಬೆರಳಿನಿಂದ ನಾನೇ ಟೈಪ್ ಮಾಡಿದೆ. ಸಂಶಿ ಊರಿನಲ್ಲಿದ್ದ ನೆಂಟರ ಮದುವೆ ಮುಗಿಸಿ ಬಂದು ಕಳಿಸೋಣವೆಂದು ಇಟ್ಟೆವು.

ಸಂಶಿಯಲ್ಲಿ ರುಖವತದ ಬಟ್ಟೆ ಸರಿಸಿದರು. ತಾಟಿನಲ್ಲಿ ಅದೇ ನವಿಲು. ಅವೇ ಗರಿ, ಅವೇ ಕಣ್ಣು. ಕೊಕ್ಕಿನ ಮುಂದೆ ಮಾತ್ರ ಖಾಲಿಯಿರಲಿಲ್ಲ. ಒಣದ್ರಾಕ್ಷಿಯ ಕರಿ ಹಾವೊಂದು ಅಲ್ಲಿಂದ ಜೋತು ಬಿದ್ದಿತ್ತು, ತಲೆ ನನ್ನ ಕಡೆಗೆ ಮಾಡಿ. ನೋಡಿದ ಕೂಡಲೇ ಗೊತ್ತಾಯಿತು: ಅತ್ತೆಯ ಕೈ ಆ ಜಾಗದಲ್ಲಿ ಹಾಗೇ ಡೊಂಕಾಗಿ ಹೊರಳುತ್ತಿತ್ತು.

ಮದುಮಗಳ ತಾಯಿಯನ್ನು ಪಕ್ಕಕ್ಕೆ ಕರೆದೆ.

"ಇದನ್ನ ಯಾರು ಮಾಡ್ಯಾರವಾ?"

"ಯಾರೋ ವಯಸ್ಸಾದವ್ರು ರೀ. ಮುಂಜಾನೆ ಹಿತ್ತಲ ಕಡೆಯಿಂದ ಬಂದ್ರು, ಅಡಗಿಮನಿಗೆ ಹೋಗಿ ಬಾಗಲಾ ಹಾಕ್ಕೊಂಡ್ರು. ಚಾ ಕೊಟ್ರ ಒಲ್ಲೆ ಅಂದ್ರು. ನಿಮ್ಮ ಮನಿಯವ್ರ ಅಂತ ಹೇಳಿದ್ರಲ್ಲ!"

ನಾನು ಸೆರಗು ಬಿಗಿ ಮಾಡಿಕೊಂಡೆ. ಬಿಟ್ಟುಕೊಟ್ಟರೆ ನವಿಲು ಹೋಯಿತು.

"ನೋಡವಾ, ಈ ನವಿಲು ನಂದು. ಕಾಗದಪತ್ರ ಮಾಡಸಾಕತ್ತೀವಿ. ಇನ್ನೊಬ್ಬರು ಮಾಡಂಗಿಲ್ಲ."

ಎಲೆ ಅಡಿಕೆಯ ತಾಟು ಎತ್ತಿಕೊಂಡು ಹೊರಟಿದ್ದವಳು ನಿಂತು, ತಿರುಗಿ ಅಂದಳು:

"ನನ್ನ ಮುಂದ ಯಾಕ ಹೇಳ್ತೀರಿ ಆಯಿ? ಅವರಿನ್ನೂ ಒಳಗ ಕುಂತಾರ, ನಿಮ್ಮ ಹಾದೀನ ಕಾಯಾಕತ್ತಾರ. ಹೋಗ್ರಿ, ಅವರಿಗೇ ಹೇಳ್ರಿ."