ಫೋನಿನ ಲಾರಿ, ಮನೆಯ ಮೇಸ್ತ್ರಿ

ನನ್ನ ಫೋನಿನೊಳಗೆ ಒಂದು ಲಾರಿ ಇದೆ. ಹತ್ತು ಚಕ್ರದ್ದು, ಕೆಂಪು ಬಣ್ಣದ್ದು. ಡೀಸೆಲ್ ಹಾಕಿಸುವ ಗೋಜಿಲ್ಲ, ಪಂಕ್ಚರ್ ಆಗುವುದಿಲ್ಲ, ದಾರಿಯಲ್ಲಿ ಯಾರೂ ಕೈ ಅಡ್ಡ ಹಿಡಿಯುವುದಿಲ್ಲ. ಹಿಂದಕ್ಕೆ ತೆಗೆದರೆ ಮಾತ್ರ ನಿಜವಾದ ಲಾರಿಯ ಹಾಗೆ ಕೀಂ ಕೀಂ ಎನ್ನುತ್ತದೆ. ಆ ಸದ್ದಿಗೆ ನಮ್ಮ ಬಾಗಿಲಲ್ಲಿ ಮಲಗುವ ಬೀದಿ ನಾಯಿ ಕಿವಿ ನಿಮಿರಿಸಿ ನನ್ನನ್ನು ನೋಡುತ್ತದೆ. ನಾನೂ ಅದನ್ನು ನೋಡುತ್ತೇನೆ. ಆಮೇಲೆ ಇಬ್ಬರೂ ಬೇರೆ ಕಡೆ ನೋಡುತ್ತೇವೆ.

ಈ ಲಾರಿ ಕೊಟ್ಟವಳು ಮಗಳು ಭವಾನಿ. ಕೋಲಾರದಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಊರಿಗಾಂನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಹೋದ ವರ್ಷ ಮೊಣಕಾಲು ಕೈಕೊಟ್ಟು ನಾನು ಟೆಂಪೋ ಮಾರಿದೆ. ಮಾರಿದ ಮೇಲೆ ಮಾಡಲು ಕೆಲಸವಿಲ್ಲದೆ ಅಡುಗೆಮನೆ ಬಾಗಿಲಲ್ಲಿ ನಿಂತು ಹೆಂಡತಿಗೆ ಒಗ್ಗರಣೆ ಹಾಕುವುದು ಹೇಗೆಂದು ಹೇಳಿಕೊಡತೊಡಗಿದೆ. ನಾಲ್ಕು ದಿನ ತಡೆದುಕೊಂಡ ಅವಳು ಮಗಳಿಗೆ, "ನಿಮ್ಮಪ್ಪನಿಗೆ ಏನಾದ್ರೂ ಒಂದು ಗಾಡಿ ಕೊಡ್ಸಮ್ಮ, ನನ್ ಪ್ರಾಣ ಉಳೀತದೆ" ಎಂದಳು. ಮಗಳು ಫೋನಿನಲ್ಲಿ ಕೊಡಿಸಿದಳು.

ಮೂವತ್ತು ವರ್ಷ ಗಾಡಿ ಓಡಿಸಿದವನಿಗೆ ಆಟದ ಗಾಡಿ ಯಾವ ಲೆಕ್ಕ ಎಂದುಕೊಂಡಿದ್ದೆ. ಮೊದಲ ದಿನವೇ ನಾಲ್ಕು ಸಲ ಘಾಟಿಯಿಂದ ಕೆಳಕ್ಕೆ ಬಿದ್ದೆ. ಬ್ರೇಕು ಬೇಕಾದಾಗಲೆಲ್ಲ ಕಾಲು ನೆಲವನ್ನು ತುಳಿಯುತ್ತಿತ್ತು.

"ಬೆಳ್ಳಲ್ಲಿ ಒತ್ತಪ್ಪ, ಕಾಲಲ್ಲಲ್ಲ" ಎಂದಳು ಭವಾನಿ.

"ಗೊತ್ತು ಬಿಡಮ್ಮ. ಇವರು ಮಾಡಿರೋ ರೋಡೇ ಸರಿ ಇಲ್ಲ."

ತಪ್ಪನ್ನು ರೋಡಿನ ಮೇಲೆ ಹಾಕುವ ಬುದ್ಧಿ ನನಗೆ ಹೊಸದಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಲಾರಿ ಕ್ಲೀನರ್ ಆದವನು ನಾನು. ಆಮೇಲೆ ಸ್ವಂತ ಟೆಂಪೋ ಮಾಡಿ, ಕಾಮಸಮುದ್ರದ ಕಡೆಯ ಹಳ್ಳಿಗಳಿಂದ ಟೊಮೆಟೊ ಕ್ರೇಟುಗಳನ್ನು ಕೋಲಾರದ ಮಾರ್ಕೆಟ್ಟಿಗೆ ಹೊಡೆದೆ. ಗೋಡೆಗೆ ನೇತುಹಾಕಲು ನನ್ನ ಹತ್ತಿರ ಒಂದು ಸರ್ಟಿಫಿಕೇಟೂ ಇಲ್ಲ. ಆದರೆ ಬಂಗಾರಪೇಟೆಯಲ್ಲಿ ಯಾವ ಡ್ರೈವರನ್ನು ಕೇಳಿದರೂ, "ಆ ಅಣ್ಣನ ಗಾಡೀನಾ? ಕಣ್ ಮುಚ್ಕೊಂಡು ಲೋಡ್ ಆಕು" ಎನ್ನುತ್ತಿದ್ದರು. ಒಂದು ಕೋಳಿಯೂ ನನ್ನ ಚಕ್ರಕ್ಕೆ ಸಿಕ್ಕಿದ್ದಿಲ್ಲ. ನನಗಿದ್ದ ಸರ್ಟಿಫಿಕೇಟು ಅದೊಂದೇ, ನೋಡಿ.

ಊರಿಗಾಂನ ಗಣಿ ಕೂಲಿಗಳ ಲೈನ್ ಮನೆಗಳ ನಾಯಿಗಳನ್ನು ನೀವು ನೋಡಿರಲಿಕ್ಕಿಲ್ಲ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಿಂದಲೂ ಅವಕ್ಕೆಲ್ಲ ದೊರೆಗಳ ಮನೆಯ ಹೆಸರು: ಸೀಸರ್, ಟೈಗರ್, ಜಿಮ್ಮಿ. ಕರೆಯುವುದು ತಮಿಳಿನಲ್ಲಿ, ಬೈಯುವುದು ತೆಲುಗಿನಲ್ಲಿ, ಅನ್ನ ಹಾಕುವುದು ಕನ್ನಡದಲ್ಲಿ. ಮೂರು ಭಾಷೆ ಬರುವ ನಾಯಿಗಳು, ಮೂರರಲ್ಲಿ ಯಾವುದರಲ್ಲಿ ಹೇಳಿದರೂ ಮಾತು ಕೇಳುವುದಿಲ್ಲ. ಹಿಂದೆ ನಾವು ಸಾಕಿದ್ದ ನಾಯಿಗೆ ಮಾತ್ರ ಭವಾನಿ ‘ಮೇಸ್ತ್ರಿ’ ಎಂದು ಹೆಸರಿಟ್ಟಿದ್ದಳು. ಆಗ ಅವಳು ಏಳನೇ ಕ್ಲಾಸು. ನಾನು ಗಾಡಿಯ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದರೆ ಅದು ಪಕ್ಕದಲ್ಲಿ ಕುಳಿತು, ಕತ್ತು ಓರೆ ಮಾಡಿಕೊಂಡು, ಮುಗಿಯುವ ತನಕ ನೋಡುತ್ತಿತ್ತು.

"ಸರಿಯಾಗ್ ಬಿಗಿಯಪ್ಪ, ಮೇಸ್ತ್ರಿ ನೋಡ್ತಾವ್ನೆ. ಕೂಲಿ ಇಡ್ಕೊಂಬಿಡ್ತಾನೆ" ಎಂದು ಅವಳು ಹಿಂದಿನಿಂದ ನಗುತ್ತಿದ್ದಳು.

ಚಳಿಗಾಲದಲ್ಲಿ ಬೀದಿ ನಾಯಿಗಳು ನಿಂತ ಗಾಡಿಯ ಕೆಳಗೆ ಚಕ್ರಕ್ಕೆ ಒತ್ತಿಕೊಂಡು ಮಲಗುತ್ತವೆ. ಅದಕ್ಕೇ ನಮ್ಮ ಡ್ರೈವರುಗಳು ಬೆಳಗ್ಗೆ ಹತ್ತುವ ಮುಂಚೆ ಬಾಗಿಲ ತಗಡಿಗೆ ಎರಡು ಸಲ ಜೋರಾಗಿ ತಟ್ಟುತ್ತಾರೆ. ಕೆಳಗಿರುವುದು ಎದ್ದು ದೂರ ಹೋಗಲಿ ಎಂದು. ನನಗೆ ಕೆಲಸ ಕಲಿಸಿದವರು ಸ್ಟಿಯರಿಂಗ್ ಮುಟ್ಟಿಸುವ ಮೊದಲು ಕಲಿಸಿದ್ದೇ ಇದನ್ನು, ಮತ್ತು ನಾನು ಒಂದು ದಿನವೂ ತಪ್ಪಿಸಿದವನಲ್ಲ. ತಪ್ಪಿದ್ದು ಬೇರೆ ಕಡೆ. ಸಂಜೆ ಬರುವಾಗ ಮೇಸ್ತ್ರಿಗೆಂದು ಬಂಗಾರಪೇಟೆಯ ಬೇಕರಿಯಿಂದ ಒಂದು ಬನ್ನು ತರುತ್ತಿದ್ದೆ. ಗಾಡಿ ನಿಲ್ಲಿಸಿ, ಅದನ್ನು ಕರೆಯಲು ಅದೇ ತಗಡಿಗೆ ಎರಡು ಸಲ ತಟ್ಟುತ್ತಿದ್ದೆ. ಲೈನಿನ ಯಾವ ಮೂಲೆಯಲ್ಲಿದ್ದರೂ ಓಡಿ ಬಂದು ಚಕ್ರದ ಪಕ್ಕ ನಿಲ್ಲುತ್ತಿತ್ತು. ಅಕ್ಕಪಕ್ಕದವರು ಅದನ್ನು ನೋಡಲೆಂದೇ ಹೊರಗೆ ಬರುತ್ತಿದ್ದರು. ನನ್ನ ಎದೆ ಎರಡಂಗುಲ ಮುಂದೆ ಬರುತ್ತಿತ್ತು. ಊರ ನಾಯಿಗಳನ್ನೆಲ್ಲ ದೂರ ಕಳಿಸುವ ಸದ್ದಿಗೆ ನನ್ನ ನಾಯಿಯನ್ನು ಹತ್ತಿರ ಬರಲು ಕಲಿಸಿದ್ದೇನೆ ಎಂಬುದು ತಲೆಗೆ ಹೊಳೆದಿರಲಿಲ್ಲ. ಬೆಳಗ್ಗೆ ನಾನು ಹೊರಡುವಾಗ ಅದು ಹಿತ್ತಲಲ್ಲಿ ಚೈನಿನಲ್ಲಿ ಇರುತ್ತಿತ್ತಲ್ಲ.

ಒಂದು ಡಿಸೆಂಬರ್ ಬೆಳಗ್ಗೆ ಎಂದಿನಂತೆ ಎರಡು ಸಲ ತಟ್ಟಿ, ಹತ್ತಿ, ಗಾಡಿ ಹಿಂದಕ್ಕೆ ತೆಗೆದೆ. ಹಿಂದಿನ ಚಕ್ರ ಸ್ವಲ್ಪ ಎದ್ದು ಇಳಿಯಿತು.

ಇಳಿದು ನೋಡಿದಾಗ ಮೇಸ್ತ್ರಿಯ ಕತ್ತಿನಲ್ಲಿ ಬೆಲ್ಟಿತ್ತು, ಚೈನಿರಲಿಲ್ಲ. ಜನ ಸೇರಿದರು. ಪಕ್ಕದ ಮನೆಯವನು, "ಏನಣ್ಣಾ, ನಿನ್ ಗಾಡಿಗೇನಾ?" ಎಂದ. ಅವನು ಕೇಳಿದ್ದು ಮರುಕದಿಂದಲೇ. ನನಗೆ ಮಾತ್ರ ಮೈ ಉರಿಯಿತು. ಮನೆಯ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆ, "ನಾಯಿ ಬಿಚ್ಚಿದ್ದು ಯಾರು? ನಾನು ಓಗೋ ತನಕ ಬಿಚ್ಬೇಡಿ ಅಂತ ಎಷ್ಟ್ ಸಲ ಯೋಳಿದೀನಿ?" ಎಂದೆ.

ಬಾಗಿಲಲ್ಲಿ ಭವಾನಿ ಸ್ಕೂಲ್ ಯೂನಿಫಾರಂನಲ್ಲಿ ನಿಂತಿದ್ದಳು. ಕೈಯಲ್ಲಿ ಚೈನು.

ಮೇಸ್ತ್ರಿಯನ್ನು ಗೋಣಿಯ ಮೇಲೆ ಮಲಗಿಸಿ ದನದ ಆಸ್ಪತ್ರೆಗೆಂದು ಹೊರಟವನು ದಾರಿಯಲ್ಲೇ ನಿಲ್ಲಿಸಬೇಕಾಯಿತು. ಅಲ್ಲೇ ಮಣ್ಣು ಮಾಡಿ ಒಬ್ಬನೇ ವಾಪಸು ಬಂದೆ. ಅವಳು ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದು ಓಡಿ ಬಂದಿದ್ದು ನಾನು ತಟ್ಟಿದ್ದಕ್ಕೇ ಎಂದು ಅವತ್ತು ಸಂಜೆಯೊಳಗೇ ನನಗೆ ಗೊತ್ತಾಗಿತ್ತು. ಬಾಯಿ ಬಿಟ್ಟರೆ ಇದ್ದ ಒಂದು ಸರ್ಟಿಫಿಕೇಟೂ ಹರಿದು ಹೋಗುತ್ತದಲ್ಲ. ಬಾಯಿ ಬಿಡಲಿಲ್ಲ.

ಭವಾನಿ ಬೆಳೆದಳು, ಓದಿದಳು, ಕೆಲಸಕ್ಕೆ ಸೇರಿದಳು. ಮನೆಯಿಂದ ಹೊರಟು ಬಸ್ ಸ್ಟಾಪಿನ ತನಕ ಹೋದವಳು ಹಿತ್ತಲ ಚಿಲಕ ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ನೋಡುತ್ತಾಳೆ. "ಏನಮ್ಮ, ಮೈನ್ಸಲ್ಲಿ ಉಳಿದ ಚಿನ್ನ ಎಲ್ಲಾ ನಮ್ಮನೇಲೈತಾ?" ಎಂದು ಎಷ್ಟು ಸಲ ಛೇಡಿಸಿದ್ದೇನೋ. ಬಾಗಿಲ ನಾಯಿಗೆ ಅನ್ನ ಹಾಕುವುದು ಅವಳಮ್ಮ. ಇವಳು ಅದರ ತಲೆ ಕೂಡ ಸವರುವುದಿಲ್ಲ. ಲ್ಯಾಬಿನವರಿಗೆ ಶುಚಿ ಜಾಸ್ತಿ ಎಂದುಕೊಂಡಿದ್ದೆ. ನನ್ನ ಬುದ್ಧಿ ಅಷ್ಟು ದೂರವೇ ಓಡುವುದು.

ಹೋದ ಶನಿವಾರ ಸಂಜೆ ನಾನು ಆಡುವುದನ್ನು ಅವಳು ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ಲಾರಿಯನ್ನು ಗೋಡೌನಿಗೆ ರಿವರ್ಸಿನಲ್ಲಿ ನುಗ್ಗಿಸಬೇಕಿತ್ತು. ಮೇಲೆ ಗಡಿಯಾರ ಓಡುತ್ತಿತ್ತು. ನಾನು ನಿಲ್ಲಿಸಿಕೊಂಡು ಕುಳಿತೆ.

"ಆಕಪ್ಪ ರಿವರ್ಸು, ಟೈಮ್ ಓಯ್ತದೆ."

ನನ್ನ ಬೆರಳು ತನ್ನ ಪಾಡಿಗೆ ತಾನು ಫೋನಿನ ಬೆನ್ನಿಗೆ ಎರಡು ಸಲ ತಟ್ಟಿತು.

"ಅದ್ಯಾಕ್ ತಟ್ತೀಯಾ? ಫೋನಲ್ಲಿ ನಾಯಿ ಇರಲ್ಲಪ್ಪ" ಎಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಫೋನನ್ನೇ ನೋಡುತ್ತಾ, "ಅವತ್ತು ಬಿಚ್ಚಿದ್ದು ನಾನೇ. ಬಿಸ್ಕತ್ತು ಕೊಟ್ಟು ಮತ್ತೆ ಕಟ್ಬಿಡಾನ ಅಂತ" ಎಂದಳು.

"ಗೊತ್ತು."

"ಗೊತ್ತಿದ್ರೂ ಆಮೇಲೆ ಒಂದ್ ದಿನಾನೂ ನನ್ನ ಬೈಲಿಲ್ಲ ನೀನು. ಬೇರೆ ಅಪ್ಪ ಆಗಿದ್ರೆ ಜನ್ಮ ಪೂರ್ತಿ ಆಡ್ಕೊಳ್ಳೋರು."

ಹನ್ನೆರಡು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದನ್ನು ಅವಳು ಕ್ಷಮೆ ಎಂದು ತಿಳಿದಿದ್ದಳು. ಅಷ್ಟೇ ಅಲ್ಲ, ಅದಕ್ಕಾಗಿ ನನ್ನ ಮೇಲೆ ಗೌರವ ಇಟ್ಟುಕೊಂಡಿದ್ದಳು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಗಾಡಿ ಒಳಗೆ ಹೋಗದೆಯೇ ಆಟ ಮುಗಿಯಿತು. ನಾನು ಹೇಳಿದೆ: ಬೆಳಗಿನ ತಟ್ಟು, ಸಂಜೆಯ ಬನ್ನು, ಎರಡೂ. "ಚೈನ್ ಬಿಚ್ಚಿದ್ದು ನೀನಾದ್ರೂ ಕರೆದೋನು ನಾನಮ್ಮ. ನಾನ್ ಕರೀದೇ ಇದ್ರೆ ಅದು ನಿನ್ ಕೈಯಲ್ಲಿ ಬಿಸ್ಕತ್ ತಿನ್ಕೊಂಡು ಅಲ್ಲೇ ಇರ್ತಿತ್ತು."

ಅವಳು ನನ್ನನ್ನು ನೋಡಲಿಲ್ಲ. "ಅನ್ನೆರಡ್ ವರ್ಷ ಅಪ್ಪ" ಎಂದಳು. ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿತ್ತು. ರಾತ್ರಿ ಮುದ್ದೆ ಮುಗಿಸಿ ಏಳುವಾಗ ಕೇಳಿದಳು: "ಎಲ್ಲಿ ಮಣ್ ಮಾಡ್ದೆ ಅದನ್ನ?"

ಭಾನುವಾರ ಬೆಳಗ್ಗೆ ಅವಳ ಸ್ಕೂಟರಿನಲ್ಲಿ ಹೊರಟೆವು. ಅವಳು ಮುಂದೆ, ನಾನು ಹಿಂದೆ. ಬಂಗಾರಪೇಟೆ ರಸ್ತೆಯಲ್ಲಿ, ಹೊಲದ ಬದುವಿನ ಹೊಂಗೆ ಮರದ ಕೆಳಗೆ ಎಂದು ಹೇಳಿದ್ದೆ. ಜಾಗ ಸಿಕ್ಕಿತು, ಬದುವೂ ಇತ್ತು. ಹೊಂಗೆ ಮರಗಳು ಮಾತ್ರ ಮೂರಿದ್ದವು, ಮೂರೂ ಒಂದೇ ಎತ್ತರ.

"ಯಾವ್ ಮರ?" ಎಂದಳು.

ನಡುವಿನದನ್ನು ತೋರಿಸಿ ಇದೇ ಎಂದುಬಿಡಬಹುದಿತ್ತು. ಅವಳು ನಂಬುತ್ತಿದ್ದಳು.

"ಗೊತ್ತಾಗ್ತಿಲ್ಲಮ್ಮ" ಎಂದೆ.

ಹಿಂದಿನ ಸಂಜೆಯ ನಂತರ ಅವಳು ಮೊದಲ ಸಲ ತಿರುಗಿ ನನ್ನ ಮುಖ ನೋಡಿದಳು. ಸ್ಕೂಟರಿಗೆ ಸ್ಟ್ಯಾಂಡು ಹಾಕಿ, "ಸರಿ ಇಳಿ, ಮೂರ್ ಮರದತ್ರಾನೂ ಓಗಿ ಬರಾನ" ಎಂದು, ಬದು ಹತ್ತಲು ನನಗೆ ಕೈ ಕೊಟ್ಟಳು.