ಗಂಧದ ಕೆಳಗಿನ ಗೀರು

“ಒಂದ್ ಕೂದ್ಲೂ ಬುಡಬ್ಯಾಡ ಕಣಪ್ಪ. ದೇವ್ರಿಗೆ ಬಾಕಿ ಉಳೀಬಾರ್ದು” ಅಂದರು ಪುಟ್ಟಮ್ಮ. ಅವರ ತೊಡೆಯ ಮೇಲೆ ಎರಡು ವರ್ಷದ ಮೊಮ್ಮಗಳು ಗೌರಿ ಕಿರುಚುತ್ತಿದ್ದಳು. ಎದುರಿಗೆ ಕತ್ತಿ ಹಿಡಿದ ಕ್ಷೌರಿಕ.

ಹನೂರಿನಾಚೆ ಇರುವ ಅವರ ಮನೆದೇವರ ಗುಡಿ ಅದು. ಪುಟ್ಟಮ್ಮನ ಸೊಸೆ, ಗೌರಿಯ ಅಮ್ಮ ಮಾದೇವಿ ಕೊಳ್ಳೇಗಾಲದಲ್ಲಿ ನಮ್ಮ ಪಕ್ಕದ ಮನೆಯವಳು. ಹಾಗಾಗಿ ಮುಡಿಗೂ ಪರದ ಊಟಕ್ಕೂ ನನಗೆ ಕರೆ ಇತ್ತು. (ಪರ ಗೊತ್ತಲ್ಲ? ಹರಕೆ ತೀರಿಸಿದ ಮೇಲೆ, ಬಂದವರಿಗೆಲ್ಲ ಊಟ ಹಾಕುವುದು. ಕರೆದರೆ ತಪ್ಪಿಸಿಕೊಳ್ಳುವವಳು ನಾನಲ್ಲ.)

ಹರಕೆ ಯಾಕೆ? ಗೌರಿಯ ಮಿದುಳಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಮೈಸೂರಿನಲ್ಲಿ ಆಪರೇಷನ್ ಮಾಡಿ ‘ಶಂಟ್’ ಹಾಕಿದರು. ಅಂದರೆ ಒಂದು ಸಣ್ಣ ಟ್ಯೂಬು. ಮಿದುಳಿನಿಂದ ಹೊರಟು, ಚರ್ಮದ ಕೆಳಗೇ ಕತ್ತು, ಎದೆ ದಾಟಿ ಹೊಟ್ಟೆಗೆ ಇಳಿಯುತ್ತದೆ. ಹೆಚ್ಚಾದ ನೀರು ಅದರಲ್ಲಿ ಹರಿದು ಹೋಗುತ್ತದೆ. ಮಗು ಬದುಕಿತು. ಕಿವಿಯ ಹಿಂದೆ ಹುಣಸೆ ಬೀಜದಷ್ಟು ಉಬ್ಬು ಉಳಿಯಿತು, ಅಷ್ಟೇ.

“ಇದೇನವ್ವ ಗಂಟು?” ಕ್ಷೌರಿಕನ ಬೆರಳು ಅಲ್ಲೇ ನಿಂತಿತು.

“ಗಂಟಲ್ಲ, ನೀರ್ ಓಗೋ ಪೈಪು. ಅದ್ರ ಮ್ಯಾಲ್ಗಡೇನೂ ತಗಿ.”

ತೆಗೆದ. ಗೌರಿ ಕೊಸರಾಡಿದಳು. ಉಬ್ಬಿನ ಮೇಲೆ ಸಣ್ಣ ಗೀರು, ಎಳ್ಳುಕಾಳಿನಷ್ಟು ರಕ್ತ. ಮಕ್ಕಳ ಮುಡಿ ತೆಗೆಯುವಾಗ ಇದೆಲ್ಲ ಇದ್ದದ್ದೇ ಅಲ್ಲವೇ? ಆಮೇಲೆ ಬೋಳು ತಲೆಗೆಲ್ಲ ದಪ್ಪಗೆ ಗಂಧ ಮೆತ್ತಿದರು. ಗೀರು ಅದರ ಕೆಳಗೆ ಹೋಯಿತು. ನಾವೆಲ್ಲ ಊಟಕ್ಕೆ ಕೂತೆವು.

ಕೆಲವು ದಿನಕ್ಕೆ ಜ್ವರ. “ಬೋಳ್ ತಲೆ, ಸೀತ ಇಡ್ಕಂಡದೆ. ಟೋಪಿ ಆಕವ್ವ” ಅಂದರು ಪುಟ್ಟಮ್ಮ. ಉಲ್ಲನ್ ಟೋಪಿ ಬಂತು. ಮೆಡಿಕಲ್ ಸ್ಟೋರಿನ ಸಿರಪ್ ಬಂತು. ವಾಂತಿ ಶುರುವಾದಾಗ ದೃಷ್ಟಿ ತೆಗೆದರು. ಜ್ವರ, ವಾಂತಿ ಬಂದರೆ ತಕ್ಷಣ ಕರೆದುಕೊಂಡು ಬನ್ನಿ ಅಂತ ಡಾಕ್ಟರು ಹೇಳಿಯೇ ಕಳಿಸಿದ್ದರು. ಆದರೆ ಮುಡಿ ಕೊಟ್ಟ ಮಗುವಿಗೆ ಶೀತವಾಗುತ್ತದೆ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾರಣ ಕಣ್ಣೆದುರೇ ಇರುವಾಗ ಆಸ್ಪತ್ರೆ ಯಾರಿಗೆ ನೆನಪಾಗುತ್ತದೆ?

ಗೌರಿ ಕಣ್ಣು ಬಿಡದ ದಿನ ಮಾದೇವಿ ಟೋಪಿ ತೆಗೆದಳು. ಕಿವಿಯ ಹಿಂದೆ ಕೀವು.

ಮೈಸೂರಿಗೆ ಓಡಿದರು. ಗೀರಿನಿಂದ ಹೊಕ್ಕ ಸೋಂಕು ಆ ಟ್ಯೂಬನ್ನೇ ಹಿಡಿದು ಮಿದುಳಿಗೆ ಹತ್ತಿತ್ತು. ಟ್ಯೂಬು ತೆಗೆದುಹಾಕಿದರು. ತಲೆಯಿಂದ ಹೊರಕ್ಕೆ ಇನ್ನೊಂದು ತಾತ್ಕಾಲಿಕ ಟ್ಯೂಬು, ಮಂಚದ ಪಕ್ಕ ಚೀಲ. ನಾನು ನೋಡಲು ಹೋದಾಗ ಚೀಲದಲ್ಲಿ ಅಕ್ಕಿ ತೊಳೆದಂಥ ನೀರಿತ್ತು. ಅದು ತಿಳಿಯಾಗುವವರೆಗೆ ಹೊಸ ಶಂಟ್ ಇಲ್ಲ. ಗೌರಿಯ ಅಪ್ಪ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಡ್ರೈವರ್. ಟ್ರ್ಯಾಕ್ಟರ್ ಸದ್ದಾದರೆ ಬಾಗಿಲಿಗೆ ಓಡುತ್ತಿದ್ದ ಮಗು ಈಗ ಅಪ್ಪನೇ ಕರೆದರೂ ತಿರುಗುವುದಿಲ್ಲ. ಮೊದಲಿನ ಚುರುಕು ಎಷ್ಟು ವಾಪಸ್ ಬರುತ್ತದೋ ಹೇಳಲಾಗದು ಅಂದರು ಡಾಕ್ಟರು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಯಾರ ಮೇಲೆ? ಪುಟ್ಟಮ್ಮನ ಮೇಲೆಯೇ? ಮೊಮ್ಮಗಳು ಉಳಿದಳಲ್ಲ ಅಂತ ಉಪವಾಸ ಮಾಡಿ ಹರಕೆ ತೀರಿಸಿದ ಜೀವ ಅದು. ಡಾಕ್ಟರ ಮೇಲೆಯೇ? ಊಟ, ಔಷಧಿ, ಬೀಳದ ಹಾಗೆ ನೋಡಿಕೊಳ್ಳುವುದು, ಎಲ್ಲ ಹೇಳಿದ್ದರು. ಆದರೆ ಯಳಂದೂರಿನಿಂದ ಹನೂರಿನವರೆಗೆ ಕಾಯಿಲೆ ವಾಸಿಯಾದ ಮಗುವಿನ ತಲೆಗೆ ಮೊದಲು ತಾಗುವುದೇ ಕತ್ತಿ. ‘ಮುಡಿ ಹರಕೆ ಏನಾದರೂ ಇದೆಯಾ’ ಅಂತ ಆಸ್ಪತ್ರೆಯಲ್ಲಿ ಒಬ್ಬರೂ ಕೇಳಲಿಲ್ಲ.

ಮೊನ್ನೆ ಕೊನೆಗೂ ಹೊಸ ಶಂಟ್ ಹಾಕುವುದೆಂದಾಯಿತು. ನರ್ಸ್ ಮೆಷಿನ್ ತಂದು, ಆಗಷ್ಟೇ ಚಿಗುರಿದ್ದ ಕೂದಲನ್ನು ತೆಗೆದಳು. ಮೊದಲ ಆಪರೇಷನ್ನಿಗೂ ಹೀಗೇ ತೆಗೆದು ಕಸದ ಡಬ್ಬಿಗೆ ಹಾಕಿದ್ದರಂತೆ. ಈ ಸಲ ಮಾದೇವಿ ಬಗ್ಗಿ ಬಗ್ಗಿ ಆ ಕೂದಲನ್ನು ಆಯ್ದಳು. ಸೆರಗಿನ ತುದಿಗೆ ಗಂಟು ಹಾಕಿಕೊಂಡು ನನ್ನ ಮುಖ ನೋಡಿದಳು.

“ಅವತ್ತೂ ಇಂಗೇ ತಕಂಡೋಗಿ ಕೊಟ್ಟಿದ್ರೆ, ದೇವ್ರು ಬ್ಯಾಡ ಅಂತಿದ್ನಾ ಅಕ್ಕ?”