ಗಿರಣಿ ಕರೆಂಟಿಗೆ ತಂದ ರೇಡಿಯೊ

ಮಾರುವವನ ಮುಂದೆ ತಿಳಿಯದೆಂದು ಹೇಳಬೇಡಿ, ದರ ಏರುತ್ತದೆ. ಮೂಟೆ ಹೊತ್ತು ಗಿರಣಿ ಕಟ್ಟುವಷ್ಟು ಮೇಲೆ ಬಂದ ನಾನು ಹೊಸಪೇಟೆಯಲ್ಲಿ ರೇಡಿಯೊ ಕೊಳ್ಳುವಾಗಲೂ ಹಾಗೇ ಮಾಡಿದೆ. ಪೆಟ್ಟಿಗೆಯ ಮರವನ್ನು ಬಡಿದು ನೋಡಿದೆ, ಬೇಡವೆಂದು ಎರಡು ಸಲ ಅಂಗಡಿಯ ಮೆಟ್ಟಿಲಿಳಿದೆ. ಅಂಗಡಿಯವನು ದರ ಇಳಿಸಿ ಕೇಳಿದ: "ನಿಮ್ಮಲ್ಲಿ ಏಸಿ ಕರೆಂಟೋ, ಡೀಸಿಯೋ?"

ಹಾಗೆಂದರೇನೋ ನನಗೆ ತಿಳಿಯದು. "ಈ ಊರಾಗ ಇದ್ದದ್ದ ನಮ್ಮಲ್ಲೂ ಐತಿ, ಕಟ್ರಿ" ಎಂದೆ.

ಆಗಿನ್ನೂ ನಿಜಾಮನ ರಾಜ್ಯ. ಗಂಗಾವತಿಯಲ್ಲಿ ಕಂಬದ ಕರೆಂಟು ಇರಲಿಲ್ಲ. ನನ್ನ ಅಕ್ಕಿ ಗಿರಣಿಯ ಎಣ್ಣೆ ಎಂಜಿನ್ನಿಗೆ ಪಟ್ಟಾ ಹಾಕಿ ಡೈನಮೋ ತಿರುಗಿಸುತ್ತಿದ್ದೆವು. ಪಕ್ಕದಲ್ಲೇ ಇದ್ದ ನಮ್ಮ ಮನೆಗೂ ಅದೇ ಕರೆಂಟು. ಹೊಸಪೇಟೆಯಿಂದ ತಂದ ಬಲ್ಬು ಅಲ್ಲಿ ಚೆನ್ನಾಗಿಯೇ ಉರಿಯುತ್ತಿದ್ದುದರಿಂದ ಕರೆಂಟೆಲ್ಲ ಒಂದೇ ಎಂದುಕೊಂಡಿದ್ದೆ.

ರೇಡಿಯೊ ಮನೆ ಮುಟ್ಟಿದ ದಿನವೇ ಅಳವಂಡಿ ಊರಿನ ಗಂಡಿನ ಕಡೆಯವರು ನನ್ನ ಮಗಳನ್ನು ನೋಡಲು ಬಂದರು. ಒಳ್ಳೆಯ ಮನೆತನ, ಕೈ ತಪ್ಪಬಾರದೆಂದು ನನಗೆ ಚಡಪಡಿಕೆ. ಎಂಜಿನ್ ಹಚ್ಚಿಸಿ, ಎಲ್ಲರೂ ಉಪ್ಪಿಟ್ಟು ತಿನ್ನುತ್ತಿರುವಾಗ ರೇಡಿಯೊದ ಗುಂಡಿ ತಿರುಗಿಸಿದೆ. ಹಾಡು ಬರಲಿಲ್ಲ, ಹೊಗೆ ಬಂತು. ಹುಡುಗನ ತಂದೆ ತಟ್ಟೆಯೊಡನೆ ಹಿಂದೆ ಸರಿದರು.

"ಏನ್ರಿ ಸಾವ್ಕಾರ್ರ, ನಿಮ್ಮ ರೇಡಿಯೊ ಹಾಡೂದು ಬಿಟ್ಟು ಚುಟ್ಟಾ ಸೇದತೈತಲ್ಲ!"

ಎಂಜಿನ್ ಮಿಸ್ತ್ರಿ ಓಡಿಬಂದು ತಂತಿ ಕಿತ್ತ. "ಇದು ಏಸಿ ಪೆಟಗಿ, ನಮ್ಮದು ಡೀಸಿರಿ. ಡೀಸಿ ಕಾಲುವಿ ನೀರಿನಂಗ ಒಂದ ದಿಕ್ಕಿಗೆ ಹರೀತೈತಿ. ಏಸಿ ಹಿಂದ ಮುಂದ ಆಡತೈತಿ. ಬಲ್ಬಿಗೆ ಯಾವುದಾದ್ರೂ ನಡೀತೈತ್ರಿ. ಇದರೊಳಗಿನ ತಂತಿ ಸುರುಳಿಗೆ ಹಿಂದ ಮುಂದ ಆಡೋದ ಬೇಕು."

ನಾನು ಮಿಕಿಮಿಕಿ ನೋಡುತ್ತಿದ್ದೆ. ಬಾಗಿಲ ಮರೆಯಲ್ಲಿದ್ದ ಮಗಳಿಗೆ ತಡೆಯಲಾಗಲಿಲ್ಲ. "ಮಜ್ಜಿಗಿ ಕಡಿಯೋ ಹಗ್ಗಾನ ಒಂದ ಕಡಿ ಜಗ್ಗಿದ್ರ ಬೆಣ್ಣಿ ಬರತೈತೇನ, ಅಪ್ಪಾ?"

ನೋಡಲು ಬಂದವರೆದುರು ಹೆಣ್ಣು ಬಾಯಿ ತೆರೆದಳೆಂದು ನನ್ನ ಹೆಂಡತಿ ಸೆರಗು ಕಚ್ಚಿದಳು. ಹುಡುಗನ ತಂದೆ ನನ್ನತ್ತ ತಿರುಗಿದರು.

"ಅಂಗಡ್ಯಾಗ ಯಾರೂ ಕೇಳಲಿಲ್ಲೇನ್ರಿ?"

"ಅಂಗಡಿಯವ ಕೇಳಿದ್ನರಿ. ನನಗ ಗೊತ್ತಿರಲಿಲ್ಲ, ಸುಳ್ಳ ಹೇಳಿದೆ."

ಅವರು ಹೊಟ್ಟೆ ಹಿಡಿದು ನಕ್ಕರು. "ಮಗಳ ತಲಿ ಅಪ್ಪನಕಿಂತ ಛಲೋ ಐತಿ. ನಮ್ಮನಿಗೆ ಇಂಥಾಕಿನ ಬೇಕು. ಸಕ್ಕರಿ ತರಸ್ರಿ, ಬೀಗರ!"

ಸಂಬಂಧ ಕೂಡಿತೆಂದು ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ಅದು ಕರಗುವ ಮೊದಲೇ, ಗಂಡಿನ ಮನೆಯಲ್ಲಿ ಮದುವೆ ಮಾಡುವ ರೂಢಿಯಿದ್ದರೂ, ನಮ್ಮ ಗಿರಣಿಯ ಅಂಗಳದಲ್ಲೇ ಆಗಬೇಕೆಂದು ಕೇಳಿ ಒಪ್ಪಿಸಿಬಿಟ್ಟೆ. ಹೆಣ್ಣು ಹೆತ್ತವರಿಗೆ ಹೇಳುತ್ತೇನೆ, ಕೇಳುವುದಿದ್ದರೆ ಬೀಗರ ಬಾಯಿ ಸಿಹಿಯಾಗಿರುವ ಆ ಗಳಿಗೆಯಲ್ಲೇ ಕೇಳಬೇಕು.